ಮನಿಗೊಬ್ಬ ಸಿಪಾಯಿ: ಸ್ವಿಟ್ಜರ್ಲೆಂಡ್ ಪದ್ಧತಿ ನಮ್ಮ ದೇಶಕ್ಕ ಆಗಿ ಬರ್ತೈತೇನ್ರಿ?

ಚಿಕ್ಕೋಡಿ_ಹುಡುಗ · ಶನಿವಾರ ರಾತ್ರಿ 9:14

ನಮಸ್ಕಾರ್ರಿ ಎಲ್ಲಾರಿಗೂ. ಇವತ್ತ ಸಂಜಿಮುಂದ ಚಹಾದಂಗಡ್ಯಾಗ ನಮ್ಮ ಗೆಳ್ಯಾರದು ಜೋರ್ ವಾದ ಆತು, ಅಲ್ಲಿ ಮುಗೀಲಿಲ್ಲ, ಅದಕ್ಕ ಇಲ್ಲಿ ಹಾಕಾಕತ್ತೀನಿ. ನಮ್ಮ ಚಿಗವ್ವನ ಮಗ ಅಗ್ನಿವೀರ ಭರ್ತಿಗೆ ಎರಡ ಸಲ ಓಡಿದ, ಎರಡೂ ಸಲ ಸ್ವಲ್ಪದಾಗ ತಪ್ಪಿತು, ಈಗ ವಯಸ್ಸ ಮೀರಿತು, ಮನ್ಯಾಗ ಸಪ್ಪಗ ಕುಂತಾನ. ಅವನ್ನ ನೋಡಿದಾಗೊಮ್ಮೆ ನನಗ ಅನಸತೈತಿ, ಸ್ವಿಟ್ಜರ್ಲೆಂಡ್‌ದಾಗ ಹಿಂಗಿಲ್ಲಲ್ಲ, ಅಲ್ಲಿ ಗಟ್ಟಿಮುಟ್ಟ ಇರೋ ಗಂಡಹುಡುಗ ಎಲ್ಲಾರೂ ಸಿಪಾಯಿನ, ತರಬೇತಿ ಮುಗಿಸಿ ರೈಫಲ್ ಮನಿಗೆ ತಗೊಂಡ ಹೋಗ್ತಾರ, ಬ್ಯಾಂಕಿನ್ಯಾಗ ಕೆಲಸ ಮಾಡಾಂವೂ ಸಿಪಾಯಿ, ಆಕಳ ಹಿಂಡಾಂವೂ ಸಿಪಾಯಿ, ಯುದ್ಧ ಬಂತಂದ್ರ ಬೂಟ್ ಹಾಕ್ಕೊಂಡ ಹೊಂಟ. ಎರಡ ಮಹಾಯುದ್ಧದಾಗೂ ಆ ದೇಶದ ಮ್ಯಾಲ ಯಾರೂ ಏರಿ ಬರ್ಲಿಲ್ಲ. 140 ಕೋಟಿ ಮಂದಿ ಇರೋ ನಮ್ಮ ದೇಶದಾಗ ಹಂಗ ಮನಿಗೊಬ್ಬ ತಯಾರಾದ್ರ ನಮ್ಮ ಕಡೆ ಕಣ್ಣೆತ್ತಿ ನೋಡಾಕ ಯಾರಿಗೆ ಧೈರ್ಯ ಬರ್ತೈತ್ರಿ? ಬರೇ ಜೈ ಅನ್ನೂದು ಬ್ಯಾಡ, ಬರೇ ಆಗೂದಿಲ್ಲ ಅನ್ನೂದೂ ಬ್ಯಾಡ, ಲೆಕ್ಕಾ ಹಚ್ಚಿ ಹೇಳ್ರಿ.

ಕುಂದಾ_ಪ್ರೇಮಿ · 9:21

ಮನಿಗೊಬ್ಬ ಸಿಪಾಯಿ ಯಾಕ ದೋಸ್ತ, ಮನಿಗೊಂದ ಮುಧೋಳ ನಾಯಿ ಕೊಟ್ರ ಸಾಕು. ಪಗಾರ ಇಲ್ಲ, ಪೆನ್ಶನ್ ಇಲ್ಲ, ಮಿಲಿಟರ್ಯಾವ್ರ ಮೀರತ್‌ಗೆ ಒಯ್ದು ಟ್ರೇನಿಂಗನೂ ಕೊಟ್ಟ ನೋಡ್ಯಾರ.

ಹವಾಲ್ದಾರ್_ಗೋಕಾಕ · 9:48

ತಮ್ಮಾ, ನಾನು 17 ವರ್ಷ ಇನ್‌ಫಂಟ್ರ್ಯಾಗ ಇದ್ದಾಂವ, ಬೆಳಗಾವಿ ಮರಾಠಾ ಸೆಂಟರ್‌ನ್ಯಾಗ ರಂಗರೂಟ್ ಆಗಿ ಸೇರಿದ್ದು. ನಿನ್ನ ಪ್ರಶ್ನಿ ಛಲೋ ಐತಿ ಆದ್ರ ಒಂದ ಮಾತ ತಿಳ್ಕೋ, ರೈಫಲ್ ಹಿಡಿಯೂದು ಸಸಾರ. ಎಂಟ ದಿನದಾಗ ಬಿಚ್ಚಿ ಜೋಡಸಾಕ ಕಲೀತಾನ, ತಿಂಗಳದಾಗ ಗುರಿ ಕುಂಡರತೈತಿ. ರಾತ್ರಿ ಮಳ್ಯಾಗ ಎರಡ ದಿನ ನಿದ್ದಿ ಇಲ್ದ, ಬಾಜೂಕಿನಾಂವ ಬಿದ್ದಾಗೂ ಹೇಳಿದ ಜಾಗಾ ಬಿಡದ ನಿಂದರೂದೈತೆಲ್ಲ, ಅದನ್ನ ಕಲಸಾಕ ವರ್ಷ ಹಿಡಿತಾವು, ಮತ್ತ ಅದು ಒಬ್ಬೊಬ್ಬಗ ಕಲಸೂದಲ್ಲ, ಹತ್ತ ಮಂದಿ ಒಂದ ತಾಟಿನ್ಯಾಗ ಉಂಡಂಗ ಕೂಡಿ ಇದ್ದಾಗ ಬರೂದು. ಸ್ವಿಸ್ ಸಿಪಾಯಿಗಳಂಗ ವರ್ಷಕ್ಕ ಮೂರ ವಾರ ಭೆಟ್ಟಿ ಆಗೋ ಮಂದಿಗೆ ಅದು ಬರ್ತೈತೋ ಇಲ್ಲೋ ನೀನ ಹೇಳು.

ಇನ್ನೊಂದ, ಸ್ವಿಸ್‌ನಾಂವ ಕಾಯೂದು ತನ್ನ ಮನಿ ಹಿಂದಿನ ಗುಡ್ಡಾ. ಚಿಕ್ಕೋಡ್ಯಾಂವ ಕಾಯಬೇಕಾಗಿದ್ದು ಲಡಾಕ್. ಎತ್ತರದ ಜಾಗಾಕ್ಕ ಹೋದ್ರ ಮದಲ ಮೈ ಹವಾಕ್ಕ ಹೊಂದಬೇಕು, ಮದ್ಲಿನ ಹಂತಕ್ಕ 6 ದಿನ, ಆಮ್ಯಾಲ 4, ಮತ್ತ 4, ಒಟ್ಟ 14 ದಿನ, ಅದನ್ನ ತಪ್ಪಿಸಿ ಮ್ಯಾಲ ಹತ್ತಿದಾಂವ ಗುಂಡ ಬಡೀದ ಸಾಯ್ತಾನ, ಪುಪ್ಪುಸದಾಗ ನೀರ ತುಂಬತೈತಿ. ಮೂರ ವಾರಕ್ಕ ಕರೆಸಿದ ಸಿಪಾಯಿದು ಎರಡ ವಾರ ಉಸರ ಹಿಡ್ಕೊಳ್ಳಾಕ ಹೋತು, ಉಳದ ವಾರದಾಗ ಇಳದ ಮನಿಗೆ ಬರಬೇಕು. ನಕ್ಷೆ ನೋಡದ ಸ್ವಿಟ್ಜರ್ಲೆಂಡ್ ಅನ್ನಬ್ಯಾಡ್ರಿ.

ಜ್ಯೂರಿಕ್_ಬಾಗಲಕೋಟಿ · 10:30

ನಾನ ಇಲ್ಲೇ ಇದೀನಿ ನೋಡ್ರಿ, ಆರ ವರ್ಷ ಆತು. ಕಣ್ಣಾರೆ ನೋಡಿದ್ದ ಹೇಳ್ತೀನಿ. ರವಿವಾರ ಸಂಜಿಕ ರೈಲ್ವೆ ಸ್ಟೇಷನ್‌ಗೆ ಹೋದ್ರ ಸಣ್ಣ ಸಣ್ಣ ಹುಡುಗ್ರು ಯೂನಿಫಾರ್ಮ್ ಹಾಕ್ಕೊಂಡು ಹೆಗಲಿಗೆ ರೈಫಲ್, ಕಿವ್ಯಾಗ ಹೆಡ್‌ಫೋನ್, ಕೈಯಾಗ ಸ್ಯಾಂಡ್‌ವಿಚ್, ಯಾರೂ ತಿರಿಗಿ ಸುದ್ದಾ ನೋಡೂದಿಲ್ಲ. ಮದ್ಲ ಸಲ ನೋಡಿದಾಗ ನನ್ನ ಎದಿ ಧಸಕ್ ಅಂದಿತ್ತು. 18 ವಾರ ರಂಗರೂಟ್ ಸಾಲಿ, ಆಮ್ಯಾಲ ಆರ ಸಲ ಮೂರಮೂರ ವಾರದ ರಿಪೀಟ್ ಕೋರ್ಸ್, ಅದಕ್ಕ ಇಲ್ಲಿಯವ್ರು ವೇಕಾ ಅಂತಾರ, ಎಲ್ಲಾ ಕೂಡಿ ಸಾದಾ ಸಿಪಾಯಿದು 245 ದಿನ. ನನ್ನ ಟೀಮ್‌ದಾಗ ಒಬ್ಬಾಂವ ಪ್ರತಿ ವರ್ಷ ಬರೊಬ್ಬರಿ ರಿಲೀಸ್ ಟೈಮ್‌ದಾಗ ವೇಕಾಕ್ಕ ಹೋಗ್ತಾನ, ಮ್ಯಾನೇಜರ್ ಹಲ್ಲ ಕಡೀತಾನ ಆದ್ರ ಬಾಯಿ ತಗಿಯೂದಿಲ್ಲ, ಕಾನೂನ ಹಂಗೈತಿ.

ರೊಕ್ಕದ ವಿಷಯ ಕೇಳ್ರಿ, ಅದರಾಗ ಐತಿ ಮಜಾ. ಅಂವ ಸೇವಾದಾಗ ಇದ್ದಷ್ಟ ದಿನ ಪಗಾರದ 80 ಪರ್ಸೆಂಟ್ ಒಂದ ಫಂಡ್‌ನಿಂದ ಬರತೈತಿ, ಆ ಫಂಡ್‌ಗೆ ಎಲ್ಲಾರ ಪಗಾರದಾಗೂ ಸ್ವಲ್ಪ ಕಡೀತಾರ, ಹೊರಗಿನಾಂವ ನಂದೂ ಕಡೀತಾರ. ಸೇವಾಕ್ಕ ಹೋಗದಾಂವ ಗಳಿಕಿ ಮ್ಯಾಲ 3 ಪರ್ಸೆಂಟ್ ತೆರಿಗಿ ಕಟ್ಟಬೇಕು. ಬಂದೂಕ ಹಿಡಿಯಾಕ ಮನಸ್ಸ ಒಪ್ಪೂದಿಲ್ಲ ಅನ್ನಾಂವಗ 1996ರಿಂದ ನಾಗರಿಕ ಸೇವಾ ಐತಿ, ದವಾಖಾನ್ಯಾಗ, ವೃದ್ಧಾಶ್ರಮದಾಗ ದುಡೀಬೇಕು, ಆದ್ರ ದಿನಾ ಒಂದೂವರಿ ಪಟ್ಟ. ರೈಫಲ್ ಮನ್ಯಾಗ ಇರ್ತೈತಿ ಖರೆ, ಗುಂಡ ಇರೂದಿಲ್ಲ. ಮದಲ ಒಂದ ಸೀಲ್ ಮಾಡಿದ ಡಬ್ಬಿ ಕೊಡ್ತಿದ್ರು, 2007ರಾಗ ಅದನ್ನ ವಾಪಸ್ ತಗೊಳ್ಳಾಕ ಶುರು ಮಾಡಿದ್ರು.

ನಮ್ಮ ಅಪಾರ್ಟ್‌ಮೆಂಟ್ ಕೆಳಗ ಬಂಕರ್ ಐತಿ, ಒಂದ ಫೂಟ್ ದಪ್ಪ ಕಾಂಕ್ರೀಟ್ ಬಾಗಲಾ. ನಮ್ಮನಿಯಾಕಿ ಅದರಾಗ ಜ್ವಾಳದ ಹಿಟ್ಟು, ಶೇಂಗಾ ಚಟ್ನಿ ಡಬ್ಬಿ ಇಟ್ಟಾಳ. ಅಣುಬಾಂಬ್ ಬಿದ್ರೂ ಆರ ತಿಂಗಳ ರೊಟ್ಟಿಗೆ ಚಿಂತಿಲ್ಲ.

ಕುಂದಾ_ಪ್ರೇಮಿ · 10:34

ಜ್ಯೂರಿಕ್ ಅಣ್ಣಾ, ಗುಂಡ ಇಲ್ದ ಬಂದೂಕ ಮನ್ಯಾಗ ಇಟ್ಕೊಂಡ ಏನ ಮಾಡ್ತಾರ, ವಗ್ಗರಣಿ ಹಾಕ್ತಾರೇನು?

ಖಾನಾಪುರ_ಮಾಸ್ತರ · 11:05

ಚಿಕ್ಕೋಡಿ ತಮ್ಮ ಒಂದ ಕಡೆ ಎಡವ್ಯಾನ, ತಿದ್ದತೀನಿ. ಸ್ವಿಟ್ಜರ್ಲೆಂಡ್ ಉಳದಿದ್ದು ಬರೇ ಮನಿಗೊಬ್ಬ ಸಿಪಾಯಿ ಇದ್ದದ್ದಕ್ಕ ಅಲ್ಲ. ಬೆಲ್ಜಿಯಂದಾಗೂ ಕಡ್ಡಾಯ ಸೇವಾ ಇತ್ತು, ಅದೂ ತಟಸ್ಥ ಅಂತ ಸಾರಿತ್ತು, ಸುಮಾರು ಆರ ಲಕ್ಷ ಸೈನ್ಯ ಕೂಡಿಸಿತ್ತು, 1940ರ ಮೇ ತಿಂಗಳದಾಗ 18 ದಿನಕ್ಕ ಶರಣಾತು. ಬೆಲ್ಜಿಯಂ ಬಯಲು, ಸ್ವಿಟ್ಜರ್ಲೆಂಡ್ ಆಲ್ಪ್ಸ್. ಮತ್ತ ಜರ್ಮನಿ, ಇಟಲಿ ಎರಡಕ್ಕೂ ಆ ಗುಡ್ಡದಾಗಿನ ರೈಲ್ವೆ ಸುರಂಗ ಬೇಕಾಗಿದ್ದವು, ಬ್ಯಾಂಕೂ ಬೇಕಾಗಿದ್ದವು. ಸೈನ್ಯಾ ಒಂದ ಕಾರಣ, ಅಷ್ಟ.

ಆದ್ರ ನಾ ಹೇಳಬೇಕಂದಿದ್ದು ಬ್ಯಾರೆ. ಈ ಪದ್ಧತಿ ನೋಡಾಕ ಸ್ವಿಟ್ಜರ್ಲೆಂಡ್‌ಗೆ ಯಾಕ ಹೋಗ್ತೀರಿ, ನಂದಗಡಕ್ಕ ಬರ್ರಿ. ಕಿತ್ತೂರ ಸಂಸ್ಥಾನದಾಗ ಶೇತ್‌ಸನದಿ ಅಂತ ಇದ್ರು. ಊರಿನ ಒಕ್ಕಲ ಮಂದಿನ, ಹೊಲದಾಗ ದುಡೀತಾರ, ಊರ ಕಾಯ್ತಾರ, ಕರೆ ಬಂದಾಗ ಕತ್ತಿ ಹಿಡದ ಬರ್ತಾರ. ಪಗಾರ ಅಂತ ಇಲ್ಲ, ಅದರ ಬದಲಿ ಇನಾಂ ಹೊಲ. ಸಂಗೊಳ್ಳಿ ರಾಯಣ್ಣ ಇಂಥಾ ಶೇತ್‌ಸನದಿನ. ಅರಮನಿ ಸೇನಾಪತಿ ಅಂತ ತಿಳ್ಕೊಂಡವ್ರು ಭಾಳ ಮಂದಿ ಇದ್ದಾರ, ಅಂವ ಹೊಲಾ ಇದ್ದ ಊರ ಕಾವಲಗಾರ. 1824ರ ಅಕ್ಟೋಬರ್ 23ಕ್ಕ ಕಿತ್ತೂರ ಬಾಗಲದಾಗ ಈಸ್ಟ್ ಇಂಡಿಯಾ ಕಂಪನಿ ಕಲೆಕ್ಟರ್ ಥ್ಯಾಕರೆ ಸತ್ತ ಬಿದ್ದಾಗ ಕೋಟೆ ಒಳಗ ಇದ್ದವ್ರಾಗ ಇಂಥಾವ್ರ ಎಷ್ಟೋ ಮಂದಿ. ಆಮ್ಯಾಲ ಕಿತ್ತೂರ ಕಂಪನಿ ಕೈಗೆ ಹೋತು, ಇನಾಂ ಹೊಲಾ ಕಸಗೊಂಡ್ರು, ಉಳದದ್ದಕ್ಕ ಕಂದಾಯ ಏರಿಸಿದ್ರು. ಅಲ್ಲಿಗೆ ಕರಾರ ಹರೀತು. ಮೊನ್ನಿತನಕ ಊರ ಕಾಯೋ ಮಂದಿ ಇವತ್ತ ಕಚೇರಿಗೆ ಬೆಂಕಿ ಹಚ್ಚಿದ್ರು. ರಾಯಣ್ಣನ್ನ 1831ರ ಜನವರಿ 26ಕ್ಕ ನಂದಗಡದಾಗ ಗಲ್ಲಿಗೆ ಹಾಕಿದ್ರು.

ನಾ ಸಾಲ್ಯಾಗ ಹುಡುಗ್ರಿಗೆ ಇದನ್ನ ಹೇಳೂ ಮುಂದ ಒಂದ ಪ್ರಶ್ನಿ ಕೇಳ್ತೀನಿ, ರಾಯಣ್ಣನ ಕೂಡ ಆ ನೂರಾರ ಮಂದಿ ಯಾಕ ಹೋದ್ರು? ಭಕ್ತಿ ಇತ್ತು, ಹೌದು. ಹೊಲಾನೂ ಇತ್ತು. ನಾಗರಿಕ ಸೇನಾ ಅಂದ್ರ ಆಳೋರಿಗೂ ಮಂದಿಗೂ ನಡುವ ಒಂದ ಕರಾರು. ನಾವ ಇಲ್ಲಿ ಬಂದೂಕದ ಬಗ್ಗೆನ ಮಾತಾಡಾಕತ್ತೇವಿ, ಕರಾರಿನ ಬಗ್ಗೆ ಯಾರೂ ಕೇಳವಲ್ರು. ನಮ್ಮ ಹುಡುಗಗ ಬದಲಿ ಏನ ಸಿಗತೈತಿ?

ಜ್ಯೂರಿಕ್_ಬಾಗಲಕೋಟಿ · 11:20

ಮಾಸ್ತರ್ರ, ಕರೆಕ್ಟ್ ಜಾಗಾಕ್ಕ ಬೆರಳ ಇಟ್ರಿ. ಇಲ್ಲಿ ಆ ಕರಾರು ಓಟು. 1989ರಾಗ ಸೈನ್ಯಾನ ಬ್ಯಾಡ, ತಗದ ಹಾಕೋಣ ಅಂತ ಮತಕ್ಕ ಹಾಕಿದ್ರು, ಮೂರರಾಗ ಒಂದ ಪಾಲಿಗಿಂತ ಹೆಚ್ಚ ಮಂದಿ ಹೌದು ಅಂದ್ರು, ದೇಶಕ್ಕ ದೇಶಾನ ಗಾಬರಿ. 2013ರಾಗ ಕಡ್ಡಾಯ ಸೇವಾ ಬಿಡೋಣ ಅಂತ ಮತ್ತ ಮತಕ್ಕ ಬಂತು, 73 ಪರ್ಸೆಂಟ್ ಬ್ಯಾಡ ಬ್ಯಾಡ ಇರ್ಲಿ ಅಂದ್ರು. ಅಂದ್ರ ಹುಡುಗ ಬೂಟ್ ಹಾಕೋದು ತಮ್ಮಪ್ಪ, ತಮ್ಮವ್ವ ಓಟ್ ಹಾಕಿ ಇಟ್ಕೊಂಡ ಕಾನೂನಿಗೆ. ಅದು ಬ್ಯಾರೆನ ಮಾತು.

ಗುಮ್ಮಟ_ವಕೀಲ · ರವಿವಾರ ಮುಂಜಾನೆ 7:40

ರಾತ್ರಿ ಓದ್ಕೋತ ಮಲ್ಕೊಂಡೆ, ಈಗ ಬರೀಲಿಕತ್ತೀನಿ. ಕಾನೂನ ಏನ ಹೇಳ್ತದ ಅಂತ ಯಾರೂ ಎತ್ತಲಿಲ್ಲ. ನಮ್ಮ ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿ ನಿಷೇಧ ಮಾಡ್ತದ, ಆದ್ರ ಅದರದೇ ಎರಡನೇ ಉಪವಿಧಿ ಸಾರ್ವಜನಿಕ ಉದ್ದೇಶಕ್ಕ ಸರಕಾರ ಕಡ್ಡಾಯ ಸೇವಾ ಹೇರಬಹುದು ಅಂತದ, ಷರತ್ತ ಏನಂದ್ರ ಧರ್ಮ, ಜನಾಂಗ, ಜಾತಿ, ವರ್ಗ ನೋಡಿ ಭೇದ ಮಾಡಂಗಿಲ್ಲ. 51ಎ ಒಳಗ ದೇಶ ಕಾಯೂದು, ಕರೆದಾಗ ಸೇವಾ ಮಾಡೂದು ಮೂಲಭೂತ ಕರ್ತವ್ಯ ಅಂತ 1976ರಾಗ ಸೇರಿಸ್ಯಾರ. ಅಂದ್ರ ನಾಳೆ ಪಾರ್ಲಿಮೆಂಟ್ ಕಾಯ್ದೆ ತಂದ್ರ ಬಾಗಲ ಪೂರ್ತಿ ಮುಚ್ಚಿಲ್ಲ.

ಆದ್ರ ಸುಪ್ರೀಂ ಕೋರ್ಟ್ ಇನ್ನೊಂದ ಬಾಗಲ ಹಾಕ್ಯದ, ಅದನ್ನೂ ಓದ್ರಿ. ಛತ್ತೀಸಗಢದಾಗ 2005ರಿಂದ ಸಲ್ವಾ ಜುಡುಂ ಅಂತ ನಡೀತಲ್ಲ, ನಕ್ಸಲರ ಎದರಿಗೆ ಹಳ್ಳಿ ಮಂದಿನ್ನೇ ನಿಲ್ಲಿಸಿದ್ರು, ಅರ್ಧಾ ಮರ್ಧಾ ಸಾಲಿ ಕಲ್ತ ಆದಿವಾಸಿ ಹುಡುಗರಿಗೆ ವಿಶೇಷ ಪೊಲೀಸ್ ಅಂತ ಹೆಸರ ಕೊಟ್ಟು ಬಂದೂಕ ಕೊಟ್ರು, ಸಣ್ಣ ಗೌರವಧನ ಕೊಟ್ರು. ಹಳ್ಳಿ ಹಳ್ಳಿನೇ ಸುಟ್ಟ ಹೋದ್ವು, ಮಂದಿ ಕ್ಯಾಂಪ್ ಸೇರಿದ್ರು, ಇಲ್ಲಾ ಗಡಿ ದಾಟಿ ಆಂಧ್ರಕ್ಕ ಓಡಿದ್ರು. 2011ರ ಜುಲೈ 5ಕ್ಕ ಕೋರ್ಟ್ ಇದು ಸಂವಿಧಾನದ ವಿರುದ್ಧ, ಬಂದೂಕ ವಾಪಸ್ ತಗೋರಿ ಅಂತ ಆದೇಶ ಮಾಡ್ತು. ಜಮ್ಮುದಾಗ 1995ರಿಂದ ಗ್ರಾಮ ರಕ್ಷಣಾ ಸಮಿತಿ ಅವ, 2022ರಿಂದ ಅವಕ್ಕ ಗ್ರಾಮ ರಕ್ಷಣಾ ಗಾರ್ಡ್ ಅಂತ ಹೆಸರ, ಹಳೇ ತ್ರೀ ನಾಟ್ ತ್ರೀ ರೈಫಲ್ ಕೊಟ್ಟಾರ, ಗುಡ್ಡಗಾಡಿನ ಒಂಟಿ ಮನಿಗಳಿಗೆ ಅವು ಆಸರಾ ಆಗ್ಯಾವ, ಅಲ್ಲಗಳಿಯೂದಿಲ್ಲ, ಆದ್ರ ಅದೇ ಬಂದೂಕ ಹಿಡದು ಸ್ವಂತ ಜಗಳಾ ತೀರಿಸಿಕೊಂಡ ಕೇಸೂ ಆಗ್ಯಾವ.

ನಾ ಕೋರ್ಟಿನ್ಯಾಗ 22 ವರ್ಷ ಹೊಲದ ಬದುವಿನ ಜಗಳಾ ನೋಡೀನಿ. ಇವತ್ತ ಬಡಗಿ, ಕುಡಗೋಲಿನ ಮ್ಯಾಲ ಮುಗೀತದ. ಆ ಮನಿಯೊಳಗ ಸರಕಾರಿ ರೈಫಲ್ ಇದ್ದಿದ್ರ ಅಂತ ಒಂದ ಸಲ ಮನಸ್ಸಿನ್ಯಾಗ ತಂದ್ಕೋರಿ. ಮತ್ತ ಊರಾಗ ಹತ್ತ ರೈಫಲ್ ಬಂದ್ರ ಅವು ಯಾವ ಓಣಿಗೆ ಹೋಗ್ತಾವ, ಯಾವ ಓಣಿಗೆ ಹೋಗೂದಿಲ್ಲ, ಅದು ನನಗೂ ಗೊತ್ತದ ನಿಮಗೂ ಗೊತ್ತದ.

ಕಬ್ಬಿನ_ಗಾಡಿ · 8:15

ವಕೀಲ್ರ, ನಿಮ್ಮ ಮಾತ ಖರೆ, ಆದ್ರ ನಮ್ಮ ಮುಧೋಳ ತಾಲೂಕಿನ ಹಲಗಲಿ ಮರೀಬ್ಯಾಡ್ರಿ. 1857ರಾಗ ಬ್ರಿಟಿಷ್ರು ಹತಾರ ಒಪ್ಪಸ್ರಿ ಅಂತ ಕಾಯ್ದೆ ಮಾಡಿದ್ರು, ಹಲಗಲಿ ಬ್ಯಾಡ್ರು ಕೊಡೂದಿಲ್ಲ ಅಂದ್ರು, ಊರಿಗೆ ಊರ ಸುಟ್ರು, ಹಿಡದವ್ರನ್ನ ಗಲ್ಲಿಗೆ ಹಾಕಿದ್ರು. ಮಂದಿ ಕೈಯಾಗ ಹತಾರ ಇರಬಾರದು ಅನ್ನೂದು ಆಳಾವ್ರ ಹಳೇ ಚಾಳಿ. ಕೊಡವರಿಗೆ ಇವತ್ತಿಗೂ ಲೈಸೆನ್ಸ್ ವಿನಾಯಿತಿ ಐತಲ್ಲ, ಅಲ್ಲೇನ ದಿನಾ ಗುಂಡ ಹಾರ್ತಾವೇನು?

ಹಂಗಂತ ನಾ ಚಿಕ್ಕೋಡಿ ಹುಡುಗನ ಕಡೆಗೂ ಇಲ್ಲ. ನನ್ನ ತಕರಾರ ಬ್ಯಾರೆ. ನವೆಂಬರ್‌ನ್ಯಾಗ ಕಾರ್ಖಾನಿ ಶುರು ಆತಂದ್ರ ಕಬ್ಬ ಕಡಿಯಾಕ ಆಳ ಸಿಗೂದಿಲ್ಲ, ಟ್ರ್ಯಾಕ್ಟರ್ ಡ್ರೈವರ್ ಸಿಗೂದಿಲ್ಲ, ಒಂದ ವಾರ ತಡಾ ಆದ್ರ ತೂಕ ಇಳೀತೈತಿ, ಆ ಹೊತ್ತಿನ್ಯಾಗ ನನ್ನ ಮಗನ್ನ ಮೂರ ವಾರ ಕರದ್ರ ಆ ಲುಕ್ಸಾನ ಯಾರ ತುಂಬ್ತಾರ? ಸ್ವಿಸ್ ಬ್ಯಾಂಕಿನಾಂವಗ 80 ಪರ್ಸೆಂಟ್ ಪಗಾರ ಬರತೈತಿ, ಪಗಾರನ ಇಲ್ಲದ ರೈತಗ ಯಾವದರ 80 ಪರ್ಸೆಂಟ್?

ಬ್ಯಾಂಕಿನ_ಕೌಂಟರ್ · 9:02

ಲೆಕ್ಕಾ ಕೇಳಿದ್ರಲ್ಲ, ತಗೋರಿ. ಸುಟ್ಟಿ ಐತಿ, ಚಹಾ ಕುಡ್ಕೋತ ಹಾಕೀನಿ.

ನಮ್ಮ ದೇಶದಾಗ ವರ್ಷಕ್ಕ ಒಂದ ಕೋಟಿಗಿಂತ ಹೆಚ್ಚ ಗಂಡಹುಡುಗ್ರು 18 ತುಂಬತಾರ. ಬರೊಬ್ಬರಿ ಒಂದ ಕೋಟಿ ಹಿಡೀರಿ. 18 ವಾರ ಅಂದ್ರ 126 ದಿನ. ಊಟಾ ಚಹಾ ಸೇರಿ ದಿನಕ್ಕ 200 ರೂಪಾಯಿ ಅಂದ್ರೂ ಒಬ್ಬಗ 25,200, ಒಂದ ಕೋಟಿ ಮಂದಿಗೆ 25,200 ಕೋಟಿ. ಇದು ಬರೇ ಹೊಟ್ಟಿಗೆ. ಅಗ್ನಿವೀರಗ ಮದ್ಲನೇ ವರ್ಷ ತಿಂಗಳಿಗೆ 30,000 ಅಂತ ಇಟ್ಟಾರ, ಇವ್ರಿಗೆ ಅದರ ಅರ್ಧಾನ ಕೊಡ್ರಿ, ನಾಕ ತಿಂಗಳಿಗೆ 60,000 ಕೋಟಿ. ಬೂಟು, ಅರಬಿ, ಗುಂಡು, ಬ್ಯಾರಕ್, ದವಾಖಾನಿ ಇನ್ನೂ ಹಿಡದಿಲ್ಲ. ಆಮ್ಯಾಲ ವರ್ಷಾ ವರ್ಷಾ ಮೂರ ವಾರ ಕರಸೂದು, ಆರನೇ ವರ್ಷಕ್ಕ ಆರ ಕೋಟಿ ಮಂದಿ ಕ್ಯೂದಾಗ ಇರ್ತಾರ. 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ, ಅದರಾಗ 1.60 ಲಕ್ಷ ಕೋಟಿ ಬರೇ ಪೆನ್ಶನ್. ಪೆನ್ಶನ್ ಹೊರಿ ಇಳಸಾಕಂತನ ಅಗ್ನಿಪಥ ತಂದ್ರು ಅಂತ ಎಲ್ಲಾರೂ ಅಂತಾರ, ಅಂಥಾದ್ರಾಗ ಈ ಹೊರಿ ಯಾರ ಹೊರ್ತಾರ?

ಕಲಸಾವ್ರು ಎಲ್ಲಿಂದ ತರ್ತೀರಿ ಅದನ್ನೂ ಹೇಳ್ರಿ. ವರ್ಷಕ್ಕ ಮೂರ ಬ್ಯಾಚ್ ಅಂದ್ರ ಒಂದ ಬ್ಯಾಚಿಗೆ 33 ಲಕ್ಷ, ಹತ್ತ ಹುಡುಗ್ರಿಗೆ ಒಬ್ಬ ಉಸ್ತಾದ್ ಅಂದ್ರ 3.3 ಲಕ್ಷ ಉಸ್ತಾದ್‌ಗೋಳು. ನಮ್ಮ ಇಡೀ ಆರ್ಮಿನ ಸುಮಾರು 12 ಲಕ್ಷ. ಕಾಲ ಭಾಗ ಸೈನ್ಯಾ ಗಡಿ ಬಿಟ್ಟು ಸೀಟಿ ಊದಕೋತ ಕುಂಡರಬೇಕು. ಸ್ವಿಸ್ ಸೈನ್ಯದ್ದು ಒಟ್ಟ ಸಂಖ್ಯಾನ ಒಂದೂವರಿ ಲಕ್ಷದ ಒಳಗ ನೋಡ್ರಿ, ನಮ್ಮ ಬೆಳಗಾವಿ ಊರಿನ ಒಂದ ಮೂಲಿ.

ಚಿಕ್ಕೋಡಿ_ಹುಡುಗ · 9:30

ಸರ್ರ ನಿಮ್ಮ ಲೆಕ್ಕಾ ನೋಡಿ ನನ್ನ ಚಹಾ ಆರಿ ಹೋತು. ಆದ್ರ ಎಲ್ಲಾರನ್ನೂ ಯಾಕ ತಗೋಬೇಕು? ಡೆನ್ಮಾರ್ಕ್‌ದಾಗ ತಾವಾಗಿ ಬರಾವ್ರು ಕಮ್ಮಿ ಬಿದ್ರ ಚೀಟಿ ಎತ್ತತಾರ, ನಾರ್ವೆದಾಗ ಬೇಕಾದಷ್ಟ ಮಂದಿನ್ನ ಅಷ್ಟ ಆರಿಸ್ತಾರ. ಮತ್ತ ಹವಾಲ್ದಾರ್ ಕಾಕಾರ, ನಿಮ್ಮ ಮಾತಿಗೆ ಎದರ ಮಾತಲ್ಲ, ಫಿನ್‌ಲ್ಯಾಂಡ್ 55 ಲಕ್ಷ ಮಂದಿ ದೇಶ, ರಷ್ಯಾದ ಕೂಡ 1,340 ಕಿಲೋಮೀಟರ್ ಗಡಿ, ಅವ್ರು 165 ದಿನದಿಂದ 347 ದಿನದ ತನಕ ತರಬೇತಿ ಕೊಟ್ಟು ಯುದ್ಧಕಾಲಕ್ಕ 2,80,000 ಮಂದಿ ನಿಲ್ಲಸ್ತೀವಿ ಅಂತಾರ. ಸ್ವೀಡನ್ 2010ರಾಗ ಕಡ್ಡಾಯ ಸೇವಾ ನಿಲ್ಲಿಸಿತ್ತು, 2017ರಾಗ ವಾಪಸ್ ತರ್ತೀವಿ ಅಂತು. ಲಿಥುವೇನಿಯಾ 2015ರಾಗ ತಂತು. ಬ್ಯಾಡಾಗಿದ್ರ ಯಾಕ ತರ್ತಿದ್ರು?

ಹವಾಲ್ದಾರ್_ಗೋಕಾಕ · 10:10

ಯಾಕಂದ್ರ ಅವ್ರ ಕಡೆ ಮಂದಿ ಕಮ್ಮಿ, ಗಡಿ ಬಾಜೂಕ. ನಮ್ಮ ಕಡೆ ಭರ್ತಿಗೆ ಸಾವಿರ ಸೀಟಿಗೆ ಅರ್ಧಾ ಜಿಲ್ಲಾ ಬಂದ ನಿಂದರತೈತಿ. ಒತ್ತಾಯ ಮಾಡೂದು ಹೆಂಗ, ಬಂದವ್ರನ್ನ ವಾಪಸ್ ಕಳಸೂದ ನಮ್ಮ ಸಂಕಟ. ನಿನ್ನ ಚಿಗವ್ವನ ಮಗನ್ನ ಹಂಗ ವಾಪಸ್ ಕಳಿಸ್ಯಾರ.

ಹೂಂ, ಒಂದ ಒಪ್ಪತೀನಿ. ಯುದ್ಧ ಎಂಟ ದಿನದ್ದಲ್ಲ ಅಂತ ಯುಕ್ರೇನ್ ನೋಡಿ ಎಲ್ಲಾರಿಗೂ ತಿಳೀತು. 2022ರ ಫೆಬ್ರವರ್ಯಾಗ ಕೀವ್‌ದಾಗ ಸಾವಿರಗಟ್ಟಲೆ ರೈಫಲ್ ಮಂದಿಗೆ ಹಂಚಿದ್ರು, ಮಾಸ್ತರ್ರು, ಟ್ಯಾಕ್ಸಿಯವ್ರು ಎಲ್ಲಾ ಹಿಡದ ನಿಂತ್ರು. ಮದ್ಲಿನ ಸಾಲಿನವ್ರು ದಣದಾಗ ಹಿಂದ ಯಾರ ನಿಂದರತಾರ ಅನ್ನೂದು ಖರೇನ ದೊಡ್ಡ ಪ್ರಶ್ನಿ. ಆದ್ರ ಆ ಹಿಂದಿನ ಸಾಲು ನಮ್ಮಲ್ಲಿ ಇಲ್ಲ ಅಂತ ಹೇಳಿದಾವ್ರ್ಯಾರು? ಟೆರಿಟೋರಿಯಲ್ ಆರ್ಮಿ, ಅಂದ್ರ ಟಿಎ, ಹೆಸರ ಕೇಳಿರೇನು? 1948ರ ಕಾಯ್ದೆ, 1949ರ ಅಕ್ಟೋಬರ್ 9ಕ್ಕ ರಾಜಾಜಿ ಉದ್ಘಾಟನೆ ಮಾಡ್ಯಾರ. ಬ್ಯಾರೆ ಉದ್ಯೋಗ ಇದ್ದಾವ್ರ ಅದಕ್ಕ ಬರೂದು, ವರ್ಷಕ್ಕ ಒಂದೆರಡ ತಿಂಗಳ ತರಬೇತಿ, ಉಳದ ದಿನ ತನ್ನ ಅಂಗಡಿ ತನ್ನ ಹೊಲಾ, ಕರದ್ರ ಹೋಗಬೇಕು. ರೈಲ್ವೆಯವ್ರದು, ತೈಲ ಕಂಪನಿಯವ್ರದು ಬ್ಯಾರೆ ಯೂನಿಟ್ ಅದಾವ. ನಮ್ಮ ಬೆಳಗಾವ್ಯಾಗನ ಮಹಾರ್ ರೆಜಿಮೆಂಟಿನ ಟಿಎ ಬಟಾಲಿಯನ್ ಐತಿ, 115. 2025ರ ಮೇದಾಗ ಪಾಕಿಸ್ತಾನದ ಗಲಾಟಿ ಆದಾಗ 32 ಟಿಎ ಇನ್‌ಫಂಟ್ರಿ ಬಟಾಲಿಯನ್‌ದಾಗ 14 ಕರಸಾಕ ಆರ್ಡರ್ ಆಗಿತ್ತು. ಧೋನಿ ಫೋಟೋ ನೋಡಿರಲ್ಲ, ಅದ ಅಂಗಿ. ಸ್ವಿಟ್ಜರ್ಲೆಂಡ್ ಹುಡುಕಿದ ಹುಡುಗಗ ಬೆಳಗಾವಿ ಟಿಳಕವಾಡಿ ದಾರಿ ಗೊತ್ತಿಲ್ಲ.

ಗುಮ್ಮಟ_ವಕೀಲ · 10:25

ಟಿಎ ಕಾಯ್ದೆ 7ಎ ಕಲಂ ಪ್ರಕಾರ ಸೇವಾಕ್ಕ ಹೋದಾಂವ ವಾಪಸ್ ಬಂದ್ರ ಮಾಲೀಕ ಅವನ್ನ ಮತ್ತ ಕೆಲಸಕ್ಕ ತಗೋಬೇಕು. ಮಾಸ್ತರ್ರ ಕರಾರು ಅಂದ್ರಲ್ಲ, ಸಣ್ಣದಾದ್ರೂ ಕಾಗದದ ಮ್ಯಾಲ ಅದ.

ಖಾಕಿ_ಅಂಗಿ · 12:50

ದೊಡ್ಡ ದೊಡ್ಡ ಮಾತ ನಡದಾವ, ನಾ ಸಣ್ಣಾಂವ ಹೇಳ್ತೀನಿ. ನಾ ಹೋಮ್‌ಗಾರ್ಡ್, ಒಂಬತ್ತ ವರ್ಷ ಆತು. ಗೃಹರಕ್ಷಕ ದಳ ಶುರು ಆಗಿದ್ದು 1946ರ ಡಿಸೆಂಬರ್ 6ಕ್ಕ ಮುಂಬೈ ಪ್ರಾಂತದಾಗ, ಆಗ ನಮ್ಮ ಬೆಳಗಾವಿ, ಬಿಜಾಪುರ ಎರಡೂ ಅದ ಪ್ರಾಂತದಾವು. ಅಂದ್ರ ನಾಗರಿಕ ಸೇನಾ ಅನ್ನೂದು ನಮಗ ಅಜ್ಜನ ಕಾಲದಿಂದ ಐತಿ. ಜಾತ್ರಿ, ಇಲೆಕ್ಷನ್, ಗಣಪತಿ ಮೆರವಣಿಗಿ, ಹೊಳಿ ಬಂದಾಗ, ಎಲ್ಲಾ ಕಡೆ ನಾವ ನಿಂದರೂದು. ಡ್ಯೂಟಿ ಹಾಕಿದ ದಿನಕ್ಕ ಅಷ್ಟ ಭತ್ತೆ, ಡ್ಯೂಟಿ ಇಲ್ಲಂದ್ರ ಇಲ್ಲ. ಒಂದ ವರ್ಷ ಇಲೆಕ್ಷನ್ ಡ್ಯೂಟಿ ರೊಕ್ಕಾ ಐದ ತಿಂಗಳ ಬರ್ಲಿಲ್ಲ, ಕಚೇರಿಗೆ ಹೋದ್ರ ನಾಳೆ ಬಾ, ನಾಡದ ಬಾ. ನಮ್ಮನಿಯಾಕಿ ಅಂದ್ಲು, ಅಂಗಿ ಮ್ಯಾಲಿನ ಸ್ಟಾರ್ ಮಾರಿ ಸಂತಿ ತಾ ಅಂತ.

ಇದ್ದಾವ್ರಿಗೆ ನೆಟ್ಟಗ ಕೊಡಾಕ ಆಗವಲ್ದು, ಒಂದ ಕೋಟಿ ಮಂದಿಗೆ ಬೂಟ್ ಕೊಡ್ತಾರಂತ!

ಇಲಕಲ್_ಸೀರಿ · 1:35

ಇಷ್ಟೊತ್ತನಕ ಓದೀನಿ, ಹುಡುಗ ಹುಡುಗ ಅಂತ ಅಷ್ಟ ಐತಿ. ನಾನು ಎನ್‌ಸಿಸಿ ಸಿ ಸರ್ಟಿಫಿಕೇಟ್ ಹೋಲ್ಡರ್, ಈಗ ದವಾಖಾನ್ಯಾಗ ಸ್ಟಾಫ್ ನರ್ಸ್. ನಾರ್ವೆದಾಗ 2015ರಿಂದ ಹೆಣ್ಮಕ್ಕಳಿಗೂ ಕಡ್ಡಾಯ, ಡೆನ್ಮಾರ್ಕ್ ಚೀಟಿ ಡಬ್ಬ್ಯಾಗ 2025ರಿಂದ ಹುಡಿಗ್ಯಾರ ಹೆಸರೂ ಹಾಕ್ಯಾರ. ನೀವು ಮನಿಗೊಬ್ಬ ಅಂದಾಗ ಆ ಒಬ್ಬ ಯಾರು ಅಂತ ಕೇಳದನ ಅಣ್ಣಾನ ಹೆಸರ ಬರದ್ರಿ.

ಎನ್‌ಸಿಸಿದ ಮಾತ ಬಂತು, ಒಂದ ಹೇಳ್ತೀನಿ. 1962ರ ಯುದ್ಧ ಆದಮ್ಯಾಲ 1963ರಾಗ ಕಾಲೇಜ ಹುಡುಗ್ರಿಗೆಲ್ಲಾ ಎನ್‌ಸಿಸಿ ಕಡ್ಡಾಯ ಮಾಡಿದ್ರು. ನಮ್ಮ ದೊಡ್ಡಪ್ಪ ಆ ಬ್ಯಾಚಿನವ್ರು, ಈಗ 80ರ ಹತ್ತಿರ. ಅವ್ರು ಹೇಳೂದ ಕೇಳಬೇಕು, ಇಡೀ ಕಾಲೇಜಿಗೆ ರೈಫಲ್ ಸಾಲೂದಿಲ್ಲ ಅಂತ ಬಡಗಿ ಹೆಗಲ ಮ್ಯಾಲ ಇಟ್ಕೊಂಡು ಪರೇಡ್, ಅರ್ಧಾ ಮಂದಿ ಕಡೀಗೆ ಕೊಡೋ ಉಪ್ಪಿಟ್ಟಿಗೆ ಬರ್ತಿದ್ರಂತ, ಇನ್ನರ್ಧಾ ಹಾಜರಿ ಹಾಕಿಸಿ ಸಿನಿಮಾಕ್ಕ. ಯುದ್ಧದ ಬಿಸಿ ಆರಿದಂಗ ಅದೂ ಆರಿತು, 1968ರಾಗ ಮತ್ತ ಇಷ್ಟ ಇದ್ದಾವ್ರಿಗೆ ಅಂತ ಮಾಡಿದ್ರು. ನಾ ಸೇರಿದಾಗ ಅದು ಇಷ್ಟ ಇದ್ದಾವ್ರದ್ದು, ಮುಂಜಾನೆ ಐದಕ್ಕ ಎದ್ದು ಹೋಗಾಕಿ ನಾನ, ಯಾರೂ ಎಬ್ಬಸ್ತಿದ್ದಿಲ್ಲ. ಒತ್ತಾಯದ ಪರೇಡಿಗೂ ಇಷ್ಟದ ಪರೇಡಿಗೂ ಫರಕ ನಮ್ಮನ್ಯಾಗನ ನೋಡೀನಿ.

ಒತ್ತಾಯ ಕೆಟ್ಟ ಕೈಯಾಗ ಬಿದ್ರ ಏನ ಆಗತೈತಿ ಅಂತ ಬಾಜೂಕಿನ ಮ್ಯಾನ್ಮಾರ್ ನೋಡ್ರಿ, 2024ರ ಫೆಬ್ರವರ್ಯಾಗ ಕಡ್ಡಾಯ ಸೇವಾ ಕಾಯ್ದೆ ಜಾರಿ ಮಾಡಿದ ಕೂಡ್ಲೇ ಹುಡುಗ್ರು ಗಡಿ ದಾಟಿ ಓಡಿದ್ರು. ಎರಿಟ್ರಿಯಾದಾಗ ಕಾಗದದ ಮ್ಯಾಲ 18 ತಿಂಗಳು, ಖರೆ ಅಂದ್ರ ಗಡ್ಡ ಹಣ್ಣಾದ್ರೂ ಬಿಡೂದಿಲ್ಲ.

ಕಬ್ಬಿನ_ಗಾಡಿ · 2:10

ಅಕ್ಕಾರ ನೀವು ನರ್ಸ್ ಅಂದ್ರಿ, ಅದಕ್ಕ ನೆನಪಾತು. 2019ರ ಆಗಸ್ಟ್‌ನ್ಯಾಗ ಘಟಪ್ರಭಾ ನಮ್ಮ ಓಣಿಗೆ ಬಂತಲ್ಲ, ರಾತ್ರಿ ಎರಡಕ್ಕ ಎದಿಮಟ ನೀರ. ಮಿಲಿಟರಿ ಬಂದ್ರು, ಎನ್‌ಡಿಆರ್‌ಎಫ್ ಬಂದ್ರು, ದೇವ್ರಂಗ ಬಂದ್ರು, ಆದ್ರ ಅವ್ರು ಬರೂದ್ರಾಗ ಮರದಿನ ಮಧ್ಯಾಹ್ನ ಆಗಿತ್ತು, ಎಲ್ಲಾ ಕಡೆ ಹೊಳಿನ, ಅವ್ರೇನ ಮಾಡ್ಯಾರು. ಆ ಹತ್ತ ತಾಸ ನಮ್ಮನ್ನ ಕಾಯ್ದಾವ್ರು ಮೀನ ಹಿಡಿಯೋ ನಾಕ ಹುಡುಗ್ರು, ಒಂದ ತೆಪ್ಪಾ, ಎರಡ ಟ್ರ್ಯಾಕ್ಟರ್ ಟ್ಯೂಬು. ಒಬ್ಬ ಮುದುಕಿನ್ನ ಮಾಳಿಗಿ ಮ್ಯಾಲಿಂದ ಇಳಿಸಿದ್ವಿ, ಉಸರ ಆಡಾಕತ್ತಿತ್ತು, ಆಮ್ಯಾಲ ಏನ ಮಾಡಬೇಕಂತ ಒಬ್ಬಗೂ ಗೊತ್ತಿಲ್ಲ. ಒಬ್ಬಾಂವ ಎದಿ ತಿಕ್ಕಿದ, ಒಬ್ಬಾಂವ ನೀರ ಕುಡಿಸಾಕ ಹೋದ. ಹೋಗಿಬಿಟ್ಲು. ಊರಾಗ ಹತ್ತ ಮಂದಿಗೆ ಎದಿ ಹೆಂಗ ಒತ್ತಬೇಕು, ಹಗ್ಗಾ ಹೆಂಗ ಕಟ್ಟಬೇಕು, ವಾಕಿಟಾಕಿ ಹೆಂಗ ಹಿಡೀಬೇಕು ಅಂತ ಕಲಿಸಿದ್ದಿದ್ರ?

ನನಗ ಬೇಕಾಗಿದ್ದು ಆ ಸೇನಾ. ಬಂದೂಕ ನೀವ ಇಟ್ಕೋರಿ.

ಖಾನಾಪುರ_ಮಾಸ್ತರ · 2:40

ಗಾಡಿ ಅಣ್ಣಾ, ಅದಕ್ಕೂ ಕಾಯ್ದೆ ಐತಿ, 1968ರ ನಾಗರಿಕ ರಕ್ಷಣಾ ಕಾಯ್ದೆ. 2025ರ ಮೇ 7ರ ಅಣಕು ಕವಾಯತ್ತು ನೆನಪೈತಲ್ಲ, ಸೈರನ್ ಊದಿದ್ರಲ್ಲ, ಆಗ ಕರ್ನಾಟಕದ ಪಟ್ಟಿ ಒಳಗ ಇದ್ದಿದ್ದು ಬೆಂಗಳೂರು, ಕಾರವಾರ, ರಾಯಚೂರು. ಬೆಳಗಾವ್ಯಾಗ ಮರಾಠಾ ಸೆಂಟರ್, ಸಾಂಬ್ರಾದಾಗ ಏರ್ ಫೋರ್ಸ್, ಆಲಮಟ್ಟಿ ಡ್ಯಾಮು, ಕೂಡಗಿ ಪವರ್ ಪ್ಲಾಂಟ್, ಎಲ್ಲಾ ನಮ್ಮ ಮೂರ ಜಿಲ್ಲಾದಾಗ, ನಮ್ಮ ಹೆಸರ ಇಲ್ಲ. 1924ರಾಗ ಗಾಂಧೀಜಿ ಕಾಂಗ್ರೆಸ್ ಅಧ್ಯಕ್ಷರಾಗಿ ಬೆಳಗಾವಿಗೆ ಬಂದಾಗ ಸೇವಾದಳದ ಎನ್.ಎಸ್. ಹರ್ಡೀಕರ್ ಅವ್ರು ಬರೇ ಟೊಪಗಿ ಬಡಗಿ ಮ್ಯಾಲ ಎಷ್ಟ ಮಂದಿನ್ನ ಶಿಸ್ತಿನ್ಯಾಗ ನಿಲ್ಲಿಸಿದ್ರು ಅಂತ ನಮ್ಮ ಅಜ್ಜ ಹೇಳ್ತಿದ್ರು. ನಮಗ ಹೊಸಾದಲ್ಲ ಇದು.

ಬ್ಯಾಂಕಿನ_ಕೌಂಟರ್ · 2:52

ಊರಿಗೆ ಹತ್ತ ಮಂದಿ, ವರ್ಷಕ್ಕ ಹತ್ತ ದಿನ, ದಿನಕ್ಕ 600 ಭತ್ತೆ. ಒಂದ ಊರಿಗೆ 60,000. ನಮ್ಮ ಬ್ಯಾಂಕಿನ ಮುಂದಿನ ಗಣಪತಿ ಮಂಡಳಿ ಡಿಜೆಗೆ ಇದಕ್ಕಿಂತ ಹೆಚ್ಚ ಕೊಟ್ಟೈತಿ. ಈ ಲೆಕ್ಕಾ ನಾ ಪಾಸ್ ಮಾಡ್ತೀನಿ.

ಖಾಕಿ_ಅಂಗಿ · 2:58

ಭತ್ತೆ ಅದ ತಿಂಗಳದಾಗ ಕೊಡಬೇಕು ಅಂತ ದಪ್ಪ ಅಕ್ಷರದಾಗ ಬರೀರಿ ಸಾಹೇಬ್ರ.

ಚಿಕ್ಕೋಡಿ_ಹುಡುಗ · ರಾತ್ರಿ 8:20

ನಿನ್ನೆ ರಾತ್ರಿ ಇಷ್ಟ ಜೋರ್ ಇದ್ದೆ, ಇವತ್ತ ಅರ್ಧಾ ಇಳದೀನಿ. ಕಡ್ಡಾಯದ್ದು ಬಿಟ್ಟೆ. ಎಲ್ಲಾರ ಮನಿಗೆ ರೈಫಲ್ ಅನ್ನೂದನ್ನ ವಕೀಲ್ ಸಾಹೇಬ್ರ ಬದುವಿನ ಮಾತ ಓದಿದ ಮ್ಯಾಲ ಬಿಟ್ಟೆ, ನಮ್ಮ ದೊಡ್ಡಪ್ಪಗೂ ಬಾಜೂ ಹೊಲದಾವ್ರಿಗೂ ಹನ್ನೊಂದ ವರ್ಷದಿಂದ ಕೇಸ್ ನಡದೈತಿ. ಆದ್ರ ಹಿಂದಿನ ಸಾಲು ದೊಡ್ಡದ ಆಗಬೇಕು ಅನ್ನೂದನ್ನ ಬಿಡೂದಿಲ್ಲ, ಟಿಎ ನಾಕ ಪಟ್ಟ ಆಗ್ಲಿ, ಅಗ್ನಿವೀರ ನಾಕ ವರ್ಷ ಮುಗಿಸಿ ಬರೋ 75 ಪರ್ಸೆಂಟ್ ಹುಡುಗ್ರನ್ನ ಸೆಕ್ಯುರಿಟಿ ಗಾರ್ಡ್ ಮಾಡೂ ಬದ್ಲಿ ಅದರಾಗ ತಗೋಲಿ, ಕಲ್ತದ್ದ ವ್ಯರ್ಥ ಯಾಕ ಮಾಡಬೇಕು. ಇದಕ್ಕ ಯಾರದರ ತಕರಾರ ಇದ್ರ ಹೇಳ್ರಿ.

ಮತ್ತ ಕಾಕಾರ, ನಮ್ಮ ಚಿಗವ್ವನ ಮಗಗ ಈಗ 23. ಟಿಎಕ್ಕ ವಯಸ್ಸ ನಡೀತೈತೇನು?

ಹವಾಲ್ದಾರ್_ಗೋಕಾಕ · 8:31

18ರಿಂದ 42. ಇನ್ನೂ 19 ವರ್ಷ ಐತಿ ಅವಂದು. ಏನರ ಉದ್ಯೋಗ ಇರಬೇಕು ಮತ್ತ, ಖಾಲಿ ಕುಂತಾವ್ರನ್ನ ಅದರಾಗ ತಗೊಳ್ಳೂದಿಲ್ಲ. 1,600 ಮೀಟರ್ ಎಷ್ಟರಾಗ ಓಡ್ತಾನ?

ಚಿಕ್ಕೋಡಿ_ಹುಡುಗ · 8:33

ಅಪ್ಪನ ಕೂಡ ಹಾಲಿನ ಡೈರಿ ನೋಡ್ಕೋತಾನ್ರಿ, ಅದು ನಡೀತೈತಿ ಹೌದಲ್ಲ. ಓಟ ಐದ ನಿಮಿಷ ಐವತ್ತ ಸೆಕೆಂಡ್, ಶೂ ಹರದಾವ ಅಂತಾನ.

ಹವಾಲ್ದಾರ್_ಗೋಕಾಕ · 8:36

ಶೂ ಮ್ಯಾಲ ಹಾಕಬ್ಯಾಡ. ಮದ್ಲ ಎರಡ ರೌಂಡ್ ಜೋರ್ ಓಡಿ ಕಡೀಗೆ ಸುಸ್ತ ಆಗ್ತಾನ, ಎಲ್ಲಾರೂ ಅದನ್ನ ಮಾಡ್ತಾರ. ಮಂಗಳವಾರ ಮುಂಜಾನೆ 5ಕ್ಕ ಗೋಕಾಕಕ್ಕ ಕಳಸು, ನಮ್ಮ ಹುಡುಗ್ರು ಆರ ಮಂದಿ ಓಡಾಕ ಬರ್ತಾರ. ಬರೂ ಮುಂದ ಡೈರಿ ಹಾಲ ಒಂದ ಲೀಟರ್ ತರಾಕ ಹೇಳು.

ಕುಂದಾ_ಪ್ರೇಮಿ · 8:37

ಎರಡ ಲೀಟರ್ ಅನ್ರಿ ಕಾಕಾರ, ಕುಂದಾಕ್ಕ ಬೇಕಾಗತೈತಿ.